ಗಂಗಣ್ಣನ ಎಣಿಕೆ

ಗಂಗಣ್ಣನ ಸ್ಟುಡಿಯೋಗೆ ಹೋದವರಿಗೆ ಮೊದಲು ಸಿಗುತ್ತಿದ್ದುದು 'ಬನ್ನಿ' ಅಲ್ಲ, ಒಂದು ಅಂಕಿ. ಗುಬ್ಬಿಯ ಆ ಇಕ್ಕಟ್ಟಾದ ಅಂಗಡಿಯ ಬಾಗಿಲಲ್ಲಿ ಯಾರೇ ನಿಂತರೂ, ಫಿಲಂ ತೊಳೆಯುತ್ತಾ ಸೆಕೆಂಡು ಎಣಿಸುತ್ತಿದ್ದ ಅವರು ತೋರುಬೆರಳೆತ್ತಿ 'ಮೂವತ್ತೇಳು' ಎಂದೋ 'ನಲವತ್ತೊಂದು' ಎಂದೋ ಅಂದುಬಿಡುತ್ತಿದ್ದರು. ಎಣಿಕೆ ಮುಗಿಯದೆ ಹೆಂಡತಿ ಪುಟ್ಟಮ್ಮ ತಂದ ಕಾಫಿಯನ್ನೂ ಮುಟ್ಟುತ್ತಿರಲಿಲ್ಲ. ಎಲ್ಲರೂ ಫೋನಿನಲ್ಲಿ ಫೋಟೋ ತೆಗೆಯುವ ಕಾಲದಲ್ಲಿ ಕಪ್ಪು-ಬಿಳುಪು ಫಿಲಮ್ಮಿನ ಹುಚ್ಚು ಹತ್ತಿಸಿಕೊಂಡ ನನ್ನಂಥ ಟೀಚರಿಗೆ ಇನ್ಯಾರು ಗತಿ? ಉಪ್ಪಾರಹಳ್ಳಿಯಿಂದ ಪ್ರತಿ ಭಾನುವಾರ ಬಸ್ ಹತ್ತುತ್ತಿದ್ದೆ.

ಮೊದಲ ರೋಲನ್ನು ಜಾಣೆಯಂತೆ ನಾನೇ ತೊಳೆದೆ. ಫಿಲಂ ತೊಳೆಯುವ ಡೆವಲಪರ್ ದ್ರಾವಣ ಉಳಿಯಲಿ ಎಂದು ಅದರಷ್ಟೇ ನೀರು ಬೆರೆಸಿ, ಏಳು ನಿಮಿಷ ಇಡಬೇಕಾದ್ದನ್ನು ಹದಿನಾಲ್ಕು ನಿಮಿಷ ಇಟ್ಟೆ. ಗಂಗಣ್ಣ ಬೆಳಕಿಗೆ ಹಿಡಿದು ನೋಡಿದರು.

"ಏನವ್ವ, ಇದು ಫಿಲಮ್ಮೋ, ಟಾರು ಬಳಿದ ತಗಡೋ?"

"ನೀರು ಡಬಲ್ ಆಯ್ತಲ್ಲ ಗಂಗಣ್ಣ, ಅದಕ್ಕೆ ಟೈಮೂ ಡಬಲ್ ಮಾಡ್ದೆ."

"ಅಷ್ಟು ಸಲೀಸಾಗಿದ್ರೆ ನಾನ್ಯಾಕೆ ಬಾಯಿ ಒಣಗಿಸ್ಕಂಡು ಎಣಿಸ್ತಾ ಕೂರ್ತಿದ್ದೆ? ಫಿಲಂ ಬಾಲ ಕತ್ತರ್ಸು, ಅದ್ನೇ ಕೇಳು."

ಬೆಳಕು ಬಿದ್ದ ತುದಿಯ ಚೂರೊಂದನ್ನು ಹೊಸ ಡೆವಲಪರಿನಲ್ಲಿ ಅದ್ದಿದರು. ನಲವತ್ತು ಎಣಿಸುವಷ್ಟರಲ್ಲಿ ಕಪ್ಪಾಯಿತು. ನೀರು ಬೆರೆಸಿದ್ದರಲ್ಲಿ ಐವತ್ತೇಳಕ್ಕೆ.

"ಎಣಿಕೆ ಎಷ್ಟು ಪಟ್ಟು ಏರ್ತೋ ಟೈಮೂ ಅಷ್ಟೇ ಪಟ್ಟು ಏರ್ಸು. ಹತ್ತು ನಿಮಿಷ ಸಾಕು ಬುಡು."

ಫೋಟೋ ತೆಗೆಸಿಕೊಳ್ಳಿ ಎಂದರೆ ಮಾತ್ರ ಗಂಗಣ್ಣ ಓಡಿಹೋಗುತ್ತಿದ್ದರು. ಒಮ್ಮೆ ಎಣಿಸುತ್ತಿದ್ದಾಗಲೇ ಕ್ಲಿಕ್ಕಿಸಿದೆ. ಬೆರಳೆತ್ತಿ ಕೂತವರು ಅಲುಗುವಂತಿಲ್ಲ, ಬೈಯುವಂತಿಲ್ಲ! ಎಣಿಕೆ ಮುಗಿದ ಮೇಲೆ ಮನಸಾರೆ ಬೈದರು. ಆ ರೋಲು ಕ್ಯಾಮೆರಾದಲ್ಲೇ ಉಳಿಯಿತು.

ಮುಂದಿನ ತಿಂಗಳು ಗಂಗಣ್ಣ ತೀರಿಕೊಂಡರು.

"ಊರೋರ್ದೆಲ್ಲಾ ತೆಗುದ್ರು ಕಣವ್ವ, ತಮ್ದೊಂದು ಇಲ್ಲ. ತಿಥಿಗೆ ವೋಟರ್ ಕಾರ್ಡಿನ ಫೋಟೋ ಇಡ್ಲಾ?" ಎಂದು ಪುಟ್ಟಮ್ಮ ಅತ್ತರು.

ಅಂಗಡಿಯಲ್ಲಿ ಉಳಿದಿದ್ದು ಅರ್ಧ ಬಾಟಲಿ ಡೆವಲಪರ್, ಯಾವಾಗ ಕಲಸಿದ್ದೋ ಏನೋ. ನೀರು ಬೆರೆಸದಿದ್ದರೆ ಫಿಲಂ ಮುಳುಗುವಷ್ಟೂ ಆಗದು. ಎಷ್ಟು ನಿಮಿಷ ಎಂದು ಹೇಳುವವರಿಲ್ಲ. ಕ್ಯಾಮೆರಾದಲ್ಲಿದ್ದ ಆ ರೋಲು ಹಾಳಾದರೆ ಗಂಗಣ್ಣನ ಮುಖವೇ ಹೋಯಿತು. ನಮ್ಮನೆ ಅಡಿಗೆಮನೆಯಲ್ಲಿ ಫಿಲಮ್ಮಿನ ಬಾಲ ಕತ್ತರಿಸಿ ಅದ್ದಿದೆ.

"ಊಟಕ್ಕೇನೇ?" ಎಂದು ಗಂಡ ಇಣುಕಿದರು.

ಬೆರಳೆತ್ತಿ "ಐವತ್ತೆರಡು" ಎಂದೆ.

ಅರವತ್ತೆಂಟಕ್ಕೆ ಕಪ್ಪಾಯಿತು. ನಲವತ್ತಕ್ಕೆ ಏಳು ನಿಮಿಷವೆಂಬ ಲೆಕ್ಕದಲ್ಲಿ ಹನ್ನೆರಡು ನಿಮಿಷ ಇಟ್ಟೆ. ನರೆತ ಗಡ್ಡದ ಒಂದೊಂದು ಕೂದಲೂ ಮೂಡಿತ್ತು. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಪ್ರಿಂಟ್ ತೆಗೆಸಿ, ಫ್ರೇಮ್ ಹಾಕಿಸಿ ತಿಥಿಯ ಬೆಳಿಗ್ಗೆ ಕೊಟ್ಟೆ. ಪುಟ್ಟಮ್ಮ ಸೆರಗಿನಿಂದ ಗಾಜು ಒರೆಸಿ ಬಹಳ ಹೊತ್ತು ನೋಡಿದರು. "ಇದು ಅವರೇ ಕಲಿಸಿದ್ದು ಪುಟ್ಟಮ್ಮ, ಅವರಿಲ್ದಿದ್ರೆ ನಾನು..." ಎಂದು ಶುರುಮಾಡಿದೆ.

"ಸುಮ್ಕಿರವ್ವ," ಎಂದರು ಪುಟ್ಟಮ್ಮ, "ಎಣಿಸ್ತಾವ್ರೆ."