ಒಂದು ಉದ್ದ, ಎರಡು ಗಿಡ್ಡ

ನನ್ನ ಹೊಲಿಗೆ ಅಂಗಡಿಗೂ ಸ್ಕ್ರೂ ಅಣ್ಣನ ಕಂಪ್ಯೂಟರ್ ರಿಪೇರಿ ಅಂಗಡಿಗೂ ನಡುವೆ ಇರುವುದು ಒಂದು ತೆಳು ಹಲಗೆಯ ಗೋಡೆ, ಅಷ್ಟೇ. ಅವನು ಆಚೆ ಕೆಮ್ಮಿದರೆ ಈಚೆ ನನ್ನ ಕೈ ತಪ್ಪುತ್ತದೆ. ಹನ್ನೊಂದು ವರ್ಷದಿಂದ ಹೀಗೇ ನಡೆದಿದೆ. ತಲೆಯ ಸ್ಕ್ರೂ ಸಡಿಲ ಎಂದು ಅವನಿಗೆ ಆ ಹೆಸರು ಬಂದದ್ದಲ್ಲ. ಬಿಚ್ಚಿದ ಸ್ಕ್ರೂಗಳನ್ನೆಲ್ಲ ತುಟಿಗಳ ನಡುವೆ ಕಚ್ಚಿಕೊಂಡು ಕೆಲಸ ಮಾಡುತ್ತಾನೆ, ಅದಕ್ಕೆ. ಯಾರಾದರೂ ಮಾತಾಡಿಸಿದರೆ ಒಂದೊಂದನ್ನೇ ತೆಗೆದು ಮೇಜಿನ ಮೇಲಿಟ್ಟು, ಆಮೇಲೆ ಉತ್ತರ ಕೊಡುತ್ತಾನೆ. ಅಷ್ಟರಲ್ಲಿ ಕೇಳಿದವರು ಹೊರಟುಹೋಗಿರುತ್ತಾರೆ.

ವಯಸ್ಸು ಐವತ್ತೆರಡು. ಮದುವೆಯಾಗಲಿಲ್ಲ. ಯಾಕಣ್ಣ ಎಂದು ಒಮ್ಮೆ ಕೇಳಿದ್ದಕ್ಕೆ, "ಆ ಮಾತು ಎತ್ತೋರು ಯಾರೂ ಇರ್ಲಿಲ್ಲ ತಂಗಿ" ಅಂದ. ತಾಯಿ ಇದ್ದಷ್ಟು ದಿನ ಆಕೆಯ ಔಷಧಿ, ಆಕೆಯ ಗಂಜಿ ಎಂದು ಓಡಾಡಿದ. ಆಕೆ ಹೋದ ಮೇಲೆ ಬಾಡಿಗೆ ಮನೆ ಬಿಟ್ಟು ಅಂಗಡಿಯ ಹಿಂದಿನ ಕೋಣೆಗೇ ಬಂದುಬಿಟ್ಟ. ಅಲ್ಲಿ ಒಂದು ಮಂಚ, ಒಂದು ಒಲೆ, ಒಂದು ತಟ್ಟೆ, ಒಂದು ಲೋಟ. ಎರಡನೆಯ ಲೋಟ ಇದ್ದದ್ದನ್ನು ನಾನು ನೋಡಿಲ್ಲ. ಅವನ ಫೋನಿಗೆ ತಪ್ಪು ನಂಬರಿನ ಕರೆ ಬಂದರೆ ನಮ್ಮ ನಿಮ್ಮ ಹಾಗೆ ರಾಂಗ್ ನಂಬರ್ ಎಂದು ಇಡುವವನಲ್ಲ. "ಇಲ್ಲಪ್ಪ, ಇದು ಆ ಮನೆ ಅಲ್ಲ. ನಿಮಗೆ ಯಾವ ನಂಬರು ಬೇಕಿತ್ತು? ಕೊನೇ ಅಂಕಿ ಏನು? ಓದಿ ನೋಡೋಣ" ಎಂದು ಐದು ನಿಮಿಷ ಎಳೆಯುತ್ತಾನೆ. ಹಲಗೆಯ ಈಚೆ ಕೂತು ನಾನು ನಗುತ್ತಿದ್ದೆ. ನಗುವ ವಿಷಯವೇನೂ ಆಗಿರಲಿಲ್ಲ ಅದು.

ಈಗ ಕಂಪ್ಯೂಟರ್ ಹೊತ್ತುಕೊಂಡು ರಿಪೇರಿಗೆ ಬರುವವರು ಎಲ್ಲಿದ್ದಾರೆ! ಎಲ್ಲರದ್ದೂ ಅಂಗೈಯೊಳಗೇ ಇದೆ. ವಾರಕ್ಕೊಬ್ಬರು ಬಂದರೆ ಹೆಚ್ಚು. ಹಾಗಿದ್ದಾಗ ಒಂದು ಬೆಳಿಗ್ಗೆ ನಕ್ಷೆ ಅಕ್ಕ ಬಂದಳು. ಎರಡು ಬೀದಿ ಆಚೆಯವಳು, ಕಟ್ಟಡಗಳ ನಕ್ಷೆ ಬರೆದುಕೊಡುವುದು ಅವಳ ಕೆಲಸ, ಅದನ್ನು ಮನೆಯಲ್ಲೇ ಕೂತು ಮಾಡುತ್ತಾಳೆ. ಕೈಯಲ್ಲೊಂದು ಹೊಸ ಪೆಟ್ಟಿಗೆ. ಒಳಗೆ ಗ್ರಾಫಿಕ್ಸ್ ಕಾರ್ಡ್, ಅಂದರೆ ಕಂಪ್ಯೂಟರಿನ ತೆರೆಯ ಮೇಲೆ ಚಿತ್ರ ಮೂಡಿಸುವ ಬಿಡಿಭಾಗ.

"ಹಳೇ ಕಾರ್ಡು ಸುಟ್ಟುಹೋಯ್ತು. ಇದನ್ನ ನಾನೇ ತಂದೆ. ಹಾಕಿದ್ರೆ ಬರೀ ಕೂಗುತ್ತೆ, ತೆರೆ ಕಪ್ಪು. ನೀವೇ ಮನೆಗೆ ಬಂದು ನೋಡ್ತೀರಾ? ಕಂಪ್ಯೂಟರನ್ನ ಹೊತ್ತು ತರೋಕೆ ನನ್ನ ಕೈಲಿ ಆಗಲ್ಲ" ಅಂದಳು. ಆಮೇಲೆ ತಗ್ಗಿದ ದನಿಯಲ್ಲಿ, "ಬಿಲ್ಡರ್ ಒಬ್ರು ದೊಡ್ಡ ಕೆಲಸ ಕೊಟ್ಟಿದ್ದಾರೆ. ತಿಂಗಳ ಕೊನೆಯೊಳಗೆ ನಕ್ಷೆ ಕೊಡ್ಲೇಬೇಕು. ನನ್ನ ಸಾಫ್ಟ್‌ವೇರ್ ಆ ಒಂದು ಯಂತ್ರದಲ್ಲಿ ಮಾತ್ರ ತೆರೆಯುತ್ತೆ. ಈ ಕೆಲಸ ಕೈ ತಪ್ಪಿದ್ರೆ ಮನೇಲಿ ಕೂತು ದುಡಿಯೋದು ಮುಗೀತು" ಅಂದಳು.

ಸ್ಕ್ರೂ ಅಣ್ಣ ಬಾಯೊಳಗಿನ ಸ್ಕ್ರೂಗಳನ್ನು ತೆಗೆದಿಟ್ಟು, "ಬರ್ತೀನಿ" ಅಂದ. ಅವಳು ಅಲ್ಲಿಯವರೆಗೆ ನಿಂತಿದ್ದಳು. ಅದೇ ದೊಡ್ಡದು.

ಆ ದಿನ ಸಂಜೆ ಹಿಂದಿರುಗಿದವನು ನನ್ನ ಅಂಗಡಿಯ ಬಾಗಿಲಿಗೆ ಒರಗಿ ನಿಂತು ಮುಕ್ಕಾಲು ಗಂಟೆ ಮಾತಾಡಿದ. ಹನ್ನೊಂದು ವರ್ಷದಲ್ಲಿ ಅವನ ಬಾಯಿಂದ ಅಷ್ಟು ಮಾತು ಕೇಳಿರಲಿಲ್ಲ. ಯಂತ್ರ ಶುರುವಾಗುವಾಗ ಒಂದು ಉದ್ದ, ಎರಡು ಗಿಡ್ಡ ಕೂಗು ಬರುತ್ತದಂತೆ. ಚಿತ್ರ ಮೂಡಿಸುವ ಕಾರ್ಡು ನನಗೆ ಸಿಕ್ಕಿಲ್ಲ ಎಂದು ಅದರ ಅರ್ಥವಂತೆ. ಕಾರ್ಡಿನ ಚಿನ್ನದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದನಂತೆ, ಧೂಳು ಊದಿದನಂತೆ, ಮತ್ತೆ ಕೂರಿಸಿದನಂತೆ. ಮತ್ತೆ ಅದೇ ಕೂಗು. ಇದೆಲ್ಲ ಐದು ನಿಮಿಷದ ಮಾತು. ಉಳಿದದ್ದೆಲ್ಲ ಆ ಮನೆಯದ್ದು.

"ನಾಲ್ಕು ಗಂಟೆ ಆದ ತಕ್ಷಣ ಅವರ ಅತ್ತೆ ಎಲ್ರನ್ನೂ ಮೇಜಿಗೆ ಕರೀತಾರೆ ತಂಗಿ. ಮಕ್ಕಳು ಸ್ಕೂಲಿಂದ ಬಂದು ಜಗಳ ಆಡ್ತಾವೆ. ನನಗೂ ಟೀ ಕೊಟ್ರು. ಸಕ್ಕರೆ ಸಾಕಾ ಅಂತ ಕೇಳಿದ್ರು. 'ನೀನೇ ಅಡುಗೆ ಮಾಡ್ಕೋತೀಯಾ? ಏನು ಮಾಡ್ದೆ ಇವತ್ತು?' ಅಂತೆಲ್ಲ ಕೇಳಿದ್ರು."

"ಅದಕ್ಕೇನಂದೆ?"

"ಏನ್ ಮಾಡಿದ್ದೆ ಅಂತ ನೆನಪೇ ಬರ್ಲಿಲ್ಲ. ತಿಂದಿದ್ದೆ, ಅದು ಗೊತ್ತು" ಎಂದು ನಕ್ಕ.

ಎರಡನೆಯ ಸಲ ಹೋಗಿ ಕರೆಂಟ್ ಕೊಡುವ ಪೆಟ್ಟಿಗೆಯನ್ನೇ ಬದಲಿಸಿದ. ಹಳೆಯದಕ್ಕೆ ಹೊಸ ಕಾರ್ಡನ್ನು ಹೊರುವ ಶಕ್ತಿ ಇರಲಿಲ್ಲ, ಅದು ನಿಜ. ಆದರೂ ಕೂಗು ನಿಲ್ಲಲಿಲ್ಲ. ಕಾರ್ಡನ್ನು ತಂದು ತನ್ನ ಅಂಗಡಿಯ ಯಂತ್ರಕ್ಕೆ ಹಾಕಿ ನೋಡಿದ. ಚಿತ್ರ ಕನ್ನಡಿಯ ಹಾಗೆ ಬಂತು. ಮೂರನೆಯ ಸಲ, ನಾಲ್ಕನೆಯ ಸಲ ಹೋದ. ಹೋಗುವ ದಿನ ಇಸ್ತ್ರಿ ಮಾಡಿದ ಅಂಗಿ ಹಾಕತೊಡಗಿದ. ಮಕ್ಕಳ ಗಣಿತ ನೋಡಿಕೊಟ್ಟೆ ಅಂದ. ಅತ್ತೆಯ ಕನ್ನಡಕದ ಕಾಲು ಬಿಗಿ ಮಾಡಿಕೊಟ್ಟೆ ಅಂದ. ಐದನೆಯ ಸಲ ಹೊರಟಾಗ ನನಗೆ ಅನುಮಾನ ಬಂತು. ನಾನೂ ಯಂತ್ರದ ಮುಂದೆ ಕೂತು ಬದುಕುವವಳೇ. ಹೊಲಿಗೆ ಯಂತ್ರ ಕೆಟ್ಟಾಗ ಐದು ಸಲ ಬರುವ ಮೆಕ್ಯಾನಿಕ್ಕನಿಗೆ ಕೆಲಸ ಬರುವುದಿಲ್ಲ, ಇಲ್ಲವೇ ಬೇರೆ ಏನೋ ಇದೆ. ಇವನಿಗೆ ಕೆಲಸ ಬರುತ್ತದೆ.

ತಿಂಗಳು ಮುಗಿಯಲು ನಾಲ್ಕು ದಿನ ಉಳಿದಿತ್ತು. ಕತ್ತರಿಗೆ ಎಣ್ಣೆ ಕೇಳುವ ನೆಪದಲ್ಲಿ ಅವನ ಅಂಗಡಿಗೆ ಹೋದೆ. ಮೇಜಿನ ಮೇಲೆ ಹಳೆಯ ಕಾರ್ಡೊಂದು, ಒರೆಸಿ ಥಳಥಳ ಮಾಡಿಟ್ಟದ್ದು.

"ಇದು ಯಾರದ್ದಣ್ಣ?"

"ನಂದೇ. ಯಾವುದೋ ಯಂತ್ರದಿಂದ ಬಿಚ್ಚಿಟ್ಟಿದ್ದು. ಅವರ ಯಂತ್ರದ ಕಾಲದ್ದೇ."

"ಇದು ಅವರ ಯಂತ್ರಕ್ಕೆ ಕೂರುತ್ತಾ?"

ಅವನ ಬಾಯಲ್ಲಿ ಒಂದು ಸ್ಕ್ರೂ ಕೂಡ ಇರಲಿಲ್ಲ. ಆದರೂ ಉತ್ತರಕ್ಕೆ ತಡವಾಯಿತು. "ಕೂರುತ್ತೆ. ಕಾರ್ಡು ಕೂರೋ ಅವರ ಬೋರ್ಡು ತುಂಬ ಹಳೇದು. ಆ ಹೊಸ ಕಾರ್ಡಿನ ಭಾಷೆ ಅದಕ್ಕೆ ಯಾವತ್ತೂ ಅರ್ಥ ಆಗಲ್ಲ. ಇದನ್ನ ಹಾಕಿದ್ರೆ ಎರಡು ನಿಮಿಷದ ಕೆಲಸ."

"ಯಾವಾಗಿಂದ ಗೊತ್ತು?"

"ಮೂರನೇ ಸಲದಿಂದ."

"ಮತ್ತೆ ಹಾಕೋದಕ್ಕೇನು ರೋಗ ನಿನಗೆ?"

ಅವನು ಕಾರ್ಡನ್ನು ತಿರುವಿ ಹಾಕಿದ, ಮತ್ತೆ ತಿರುವಿ ಹಾಕಿದ. "ಹಾಕಿದ್ರೆ ಮುಗಿದೇಹೋಗುತ್ತಲ್ಲ ತಂಗಿ" ಅಂದ.

ನನಗೆ ಮೈಯೆಲ್ಲ ಉರಿದುಹೋಯಿತು. ಬಾಯಿಗೆ ಬಂದ ಹಾಗೆ ಬೈದೆ. ನಿನ್ನ ಒಂದು ಲೋಟ ಟೀಗೆ ಆ ಹೆಂಗಸಿನ ಹೊಟ್ಟೆಯ ಮೇಲೆ ಹೊಡೀತೀಯಾ, ನಾಚಿಕೆ ಆಗಲ್ವಾ, ನಾಳೆ ಇದನ್ನ ಹಾಕಿ ಬರದಿದ್ರೆ ನಾನೇ ಹೋಗಿ ಹೇಳ್ತೀನಿ ಅಂದೆ. ತಲೆ ತಗ್ಗಿಸಿ ಎಲ್ಲ ಕೇಳಿಸಿಕೊಂಡ. "ನಾಳೆ ಹಾಕ್ತೀನಿ" ಅಂದ. ಕಣ್ಣಲ್ಲಿ ನೀರಿತ್ತು. ನಾನು ನೋಡದವಳ ಹಾಗೆ ಬಂದುಬಿಟ್ಟೆ.

ಮರುದಿನ ಕಾರ್ಡನ್ನು ಅಂಗಿಯ ಒಳಗಿಟ್ಟುಕೊಂಡು ಹೋದ. ಕಾರ್ಡಿನೊಂದಿಗೇ ಹಿಂದಿರುಗಿದ. ಆಮೇಲೆ ಅವನೇ ಹೇಳಿದ: ಹೋಗುವ ಹೊತ್ತಿಗೆ ನಾಲ್ಕು ಗಂಟೆ, ಮೇಜಿನ ಸುತ್ತ ಎಲ್ಲರೂ ಕೂತಿದ್ದರು, ಚಿಕ್ಕ ಹುಡುಗಿ ಅವನಿಗಾಗಿ ಕುರ್ಚಿ ಎಳೆದು ಇಟ್ಟಿದ್ದಳು. ಇವತ್ತೊಂದು ದಿನ ಇರಲಿ, ನಾಳೆ ಬೆಳಿಗ್ಗೆಯೇ ಬಂದು ಹಾಕಿದರಾಯಿತು, ಇನ್ನೂ ಮೂರು ದಿನ ಇದೆಯಲ್ಲ ಎಂದುಕೊಂಡನಂತೆ. ಮೂರು ದಿನದಲ್ಲಿ ಅಷ್ಟು ದೊಡ್ಡ ನಕ್ಷೆ ಮುಗಿಯುವುದಿಲ್ಲ ಎಂಬುದು ಅವನ ತಲೆಗೆ ಹೋಗಲೇ ಇಲ್ಲ. ಅವನ ಕೆಲಸವೆಲ್ಲ ಎರಡು ನಿಮಿಷದ್ದು, ಉಳಿದವರದ್ದೂ ಹಾಗೇ ಎಂದುಕೊಂಡಿದ್ದ. ಅದೇ ಸಂಜೆ ಬಿಲ್ಡರ್ ನಕ್ಷೆ ಅಕ್ಕನಿಗೆ ಫೋನ್ ಮಾಡಿ, ಕೆಲಸ ಎಲ್ಲಿಗೆ ಬಂತು ಎಂದು ಕೇಳಿ, ಇನ್ನೂ ಶುರುವೇ ಆಗಿಲ್ಲ ಎಂದು ತಿಳಿದು ಬೇರೆಯವರಿಗೆ ಕೊಟ್ಟುಬಿಟ್ಟ.

ಅವಳು ಅವನ ಅಂಗಡಿಗೆ ಬಂದಳು. ಜಗಳಕ್ಕಲ್ಲ. ಜಗಳಕ್ಕೆ ಬಂದಿದ್ದರೆ ಚೆನ್ನಾಗಿರುತ್ತಿತ್ತು. ಹಲಗೆಯ ಈಚೆ ಕೂತು ನಾನು ಕೇಳಿಸಿಕೊಂಡೆ. "ನೀವು ಎಷ್ಟು ಸಲ ಬಂದ್ರಿ, ಎಷ್ಟು ಕಷ್ಟಪಟ್ರಿ. ಯಂತ್ರವೇ ಹಳೇದು, ನೀವಾದ್ರೂ ಏನು ಮಾಡ್ತೀರಾ? ಆ ಬಿಲ್ಡರ್ ಆಫೀಸಲ್ಲೇ ಒಂದು ಸೀಟು ಖಾಲಿ ಇದೆಯಂತೆ, ಸೇರ್ಕೋತಿದ್ದೀನಿ. ಬೆಳಿಗ್ಗೆ ಒಂಬತ್ತಕ್ಕೆ ಹೋದ್ರೆ ಸಂಜೆ ಏಳು. ಅತ್ತೆ ಒಬ್ರ ಕೈಲಿ ಮಕ್ಕಳನ್ನ ನೋಡ್ಕೊಳ್ಳೋಕೆ ಆಗಲ್ಲ, ಸ್ಕೂಲು ಮುಗಿದ ಮೇಲೆ ನಮ್ಮ ತಾಯಿ ತಮ್ಮ ಮನೆಗೆ ಕರ್ಕೊಂಡು ಹೋಗ್ತಾರೆ. ನೀವು ಇನ್ನು ಬರೋ ತೊಂದರೆ ತಗೋಬೇಡಿ." ನಾನು ಎದ್ದು ಹೋಗಿ ಹೇಳಿಬಿಡಬೇಕಿತ್ತು. ಕೈಯಲ್ಲಿದ್ದ ಹೊಲಿಗೆ ಮುಂದುವರಿಸಿದೆ. ನನ್ನ ಬೈಗುಳವೆಲ್ಲ ಬಾಯಿಮಾತು ಎಂದು ಅವತ್ತು ನನಗೇ ಗೊತ್ತಾಯಿತು.

ಮುಂದಿನ ಸೋಮವಾರ ನಾಲ್ಕು ಗಂಟೆಗೆ ಅವನು ಮತ್ತೆ ಹೋದ. ಮನೆಯಲ್ಲಿ ಅತ್ತೆ ಒಬ್ಬರೇ ಇದ್ದರು. ಕುರ್ಚಿಗಳನ್ನೆಲ್ಲ ಮೇಜಿನ ಕೆಳಗೆ ತಳ್ಳಿದ್ದರು. ಯಂತ್ರಕ್ಕೆ ಬಟ್ಟೆ ಹೊದಿಸಿತ್ತು. ಬಟ್ಟೆ ತೆಗೆದು ಹಳೆಯ ಕಾರ್ಡನ್ನು ಕೂರಿಸಿ ಗುಂಡಿ ಒತ್ತಿದ. ಕೂಗಲಿಲ್ಲ. ತೆರೆ ಬೆಳಗಿತು. ಎರಡೇ ನಿಮಿಷ.

"ಅಯ್ಯೋ, ಈಗ ಬಂತಾ! ಏನು ಮಾಡ್ದೆ?" ಅಂದರು ಆಕೆ.

ಅವನು ಎಲ್ಲವನ್ನೂ ಹೇಳಿದ. ಮೂರನೆಯ ಸಲದಿಂದ ತನಗೆ ಗೊತ್ತಿದ್ದದ್ದು, ಸುಮ್ಮನೆ ಬಿಚ್ಚಿ ಸುಮ್ಮನೆ ಜೋಡಿಸಿದ್ದು, ಯಾಕೆ ಎಂಬುದು, ಎಲ್ಲ. ಆಕೆ ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡು ಕೇಳಿದರಂತೆ. ಬೈಯಲಿಲ್ಲ. "ಅಷ್ಟಕ್ಕೆ ನನ್ನ ಸೊಸೆ ಕೆಲಸ ಹಾಳು ಮಾಡಬೇಕಿತ್ತೇನಪ್ಪ? ಸುಮ್ನೆ ಬಂದಿದ್ರೆ ಟೀ ಕೊಡ್ತಿರ್ಲಿಲ್ವಾ ನಾನು?" ಅಂದರು. ಎದ್ದು ಒಳಗೆ ಹೋದರು. ಟೀ ತರಲು ಹೋದರೋ, ಇನ್ನು ಹೊರಡು ಎಂದು ಹೋದರೋ ಅವನಿಗೆ ತಿಳಿಯಲಿಲ್ಲ. ಕಾಲು ಗಂಟೆ ಅಲ್ಲೇ ಕೂತಿದ್ದ. ಒಳಗಿನಿಂದ ಯಾವ ಸದ್ದೂ ಬರಲಿಲ್ಲ. ಯಂತ್ರ ಆರಿಸಿ, ಬಟ್ಟೆ ಹೊದಿಸಿ, ಗೇಟು ಎಳೆದುಕೊಂಡು ಬಂದ.

ಇದನ್ನೆಲ್ಲ ನನ್ನ ಅಂಗಡಿಯ ಬಾಗಿಲಲ್ಲಿ ನಿಂತು ಹೇಳಿದ. ಒಳಗೆ ಬರಲಿಲ್ಲ. ನಾನು ಯಾವತ್ತು ಬಾ ಅಂದಿದ್ದೆ, ಬರಲು? ಅವನನ್ನು ಬೈಯಲು ನನಗೆ ಎಷ್ಟು ಚೆನ್ನಾಗಿ ಬಂದಿತ್ತು! ನನ್ನ ಮನೆ ಇಲ್ಲಿಂದ ಹತ್ತು ನಿಮಿಷದ ದಾರಿ. ನನ್ನ ಗಂಡನಿಗೆ ಇವನ ಹೆಸರು ಗೊತ್ತು, ಮುಖ ಗೊತ್ತಿಲ್ಲ.

ಮೂರು ದಿನ ಹಿಂದೆ ಮುಂದೆ ನೋಡಿ, ನಾಲ್ಕನೆಯ ದಿನ ಅವನ ಅಂಗಡಿಗೆ ಹೋದೆ. ಯಾವುದೋ ಕೀಬೋರ್ಡಿನ ಮೇಲೆ ಬಗ್ಗಿ ಕೂತಿದ್ದ, ತುಟಿಗಳ ನಡುವೆ ನಾಲ್ಕು ಸ್ಕ್ರೂ.

"ಅಣ್ಣ, ಭಾನುವಾರ ನಮ್ಮ ಮನೆಗೆ ಬಾ" ಅಂದೆ.

ಒಂದೊಂದೇ ಸ್ಕ್ರೂ ತೆಗೆದು ಮೇಜಿನ ಮೇಲಿಟ್ಟ. ನಾನು ಕಾದೆ.

"ಏನು ಕೆಟ್ಟಿದೆ?" ಅಂದ.

"ಏನೂ ಕೆಟ್ಟಿಲ್ಲ. ಸುಮ್ನೆ ಬಾ."

ಅವನು ನನ್ನ ಮುಖ ನೋಡಿದ. ತಮಾಷೆ ಮಾಡುತ್ತಿದ್ದೇನೆಯೇ ಎಂದು ಹುಡುಕುತ್ತಿದ್ದನೋ ಏನೋ. ಆಮೇಲೆ ಸ್ಕ್ರೂ ಡ್ರೈವರನ್ನು ಬಟ್ಟೆಯಲ್ಲಿ ಒರೆಸುತ್ತಾ, ನಿಜವಾಗಿಯೂ ಗೊತ್ತಿಲ್ಲದವನ ದನಿಯಲ್ಲಿ, "ಬಂದು ಏನು ಮಾಡ್ಲಿ ತಂಗಿ?" ಎಂದು ಕೇಳಿದ.