ದವಾಖಾನಿ ಸಾಯಬಣ್ಣ

ಚೆಂಬೂರಿನ ಆ ಚಾಳಿನಲ್ಲಿ ಸಾಯಬಣ್ಣ ಎಂಬವರು ಇಬ್ಬರಿದ್ದರು. ಒಬ್ಬ ರಿಕ್ಷಾ ಓಡಿಸುವವನು, ಇನ್ನೊಬ್ಬ ಇಂದ್ರಾಬಾಯಿಯ ಗಂಡ. ಈತನ ಕಸುಬು ಗಾರೆ ಕೆಲಸವಾದರೂ ಜನ ಅವನನ್ನು ಕರೆಯುತ್ತಿದ್ದುದು ದವಾಖಾನಿ ಸಾಯಬಣ್ಣ ಎಂದು.

ಆ ಹೆಸರು ಬಂದದ್ದು ಮಗಳು ಶೀತಲ್ ಹುಟ್ಟಿದ ಮೇಲೆ. ಅಫಜಲಪುರದ ಕಡೆಯಿಂದ ಆಗಷ್ಟೇ ಮುಂಬಯಿಗೆ ಬಂದಿದ್ದ ಇಂದ್ರಾಬಾಯಿಗೆ ಕನ್ನಡ ಬಿಟ್ಟು ಬೇರೆ ಮಾತು ಬಾರದು. ಹೆರಿಗೆ ನೋವು ಶುರುವಾದಾಗ ಗಂಡ ಘಾಟ್ಕೋಪರಿನಲ್ಲಿ ಕೆಲಸದ ಮೇಲಿದ್ದ. ಪಕ್ಕದ ಮನೆಯವರು ಆಸ್ಪತ್ರೆಗೆ ಸೇರಿಸಿ ತಮ್ಮ ದುಡಿಮೆಗೆ ಹೋದರು. ನರ್ಸ್ ಮರಾಠಿಯಲ್ಲಿ ಏನೋ ಕೇಳುವಳು, ಇವಳು ಕನ್ನಡದಲ್ಲಿ ಇನ್ನೇನೋ ಹೇಳುವಳು. ಕೂಸು ಹುಟ್ಟಿದೊಡನೆ ಎತ್ತಿಕೊಂಡು ಹೋದರು. ತೂಕ ಕಡಿಮೆಯಿದೆ, ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತೇವೆ ಎಂದು ಅವರು ಹೇಳಿದ್ದು ಅವಳಿಗೆ ತಿಳಿಯಲಿಲ್ಲ. ಸತ್ತಿತೆಂದೇ ನಂಬಿ ಗೋಡೆಗೆ ಮುಖ ಮಾಡಿ ಅತ್ತಳು. ಸಂಜೆ ಸಾಯಬಣ್ಣ ಮೈತುಂಬ ಸಿಮೆಂಟಿನ ಧೂಳಿನಲ್ಲೇ ಓಡಿಬಂದು ನರ್ಸನ್ನು ಮರಾಠಿಯಲ್ಲಿ ವಿಚಾರಿಸಿದ.

“ಅಳಬ್ಯಾಡ, ಹುಡುಗಿ ಆರಾಮ ಅದಾಳ,” ಎಂದ. ಎಂದವನೇ ತಾನೂ ಅತ್ತ.

ಮುಂದೆ ರಜೆ ಬಂದಾಗಲೆಲ್ಲ ಅವನು, ಮರಾಠಿ ಬಾರದ ಕನ್ನಡದ ರೋಗಿಗಳಿಗೆ ಡಾಕ್ಟರು, ನರ್ಸುಗಳ ಮಾತು ತಿಳಿಸಿ ಹೇಳಲು ಆ ಆಸ್ಪತ್ರೆಗೆ ಹೋಗತೊಡಗಿದ. ಇಂದ್ರಾಬಾಯಿ ಮೊದಮೊದಲು ಜಗಳ ತೆಗೆದಳು. “ನಿನ್ನಂಗ ಅಳೋರು ಅಲ್ಲಿ ಭಾಳ ಮಂದಿ ಅದಾರ. ಒಂದ್ ಮಾತ್ ತಿಳಿಸಿ ಹೇಳಿದ್ರ ಅವರ ಜೀವಕ್ಕ ಎಷ್ಟ್ ಹಗುರ ಆಗ್ತದ ಗೊತ್ತೇನು?” ಎಂದ ಅವನು. ಅವಳಿಗೆ ಗೊತ್ತಿತ್ತು. ಮತ್ತೆ ತಡೆಯಲಿಲ್ಲ.

ಹಾಗೆಂದು ಮನೆಯನ್ನು ಮರೆತವನಲ್ಲ. ಇಂದ್ರಾಬಾಯಿ ನಸುಕಿನಲ್ಲೇ ಮನೆಗೆಲಸಕ್ಕೆ ಹೋಗುತ್ತಿದ್ದುದರಿಂದ ಶೀತಲಳ ಜಡೆ ಹೆಣೆಯುವುದು ಅವನ ಪಾಲಿಗಿತ್ತು. ಒರಟು ಬೆರಳಿಗೆ ಕೂದಲು ಸಿಕ್ಕಿ ಹುಡುಗಿ ಚೀರಿದರೆ, ಬಿಚ್ಚಿ ಮತ್ತೆ ಮೊದಲಿನಿಂದ ಹೆಣೆಯುವನು.

ಮಗಳು ಅವನ ಮೇಲೆ ನಿಜವಾಗಿ ಸಿಟ್ಟಾದದ್ದು ಒಮ್ಮೆ, ತನ್ನ ನಿಶ್ಚಿತಾರ್ಥದ ದಿನ. ಬೀಗರು ಬಂದು ಕೂತಿದ್ದರು. ಅಷ್ಟರಲ್ಲಿ, ಹಿಂದೊಮ್ಮೆ ಆಸ್ಪತ್ರೆಯಲ್ಲಿ ಪರಿಚಯವಾಗಿದ್ದ ಧಾರಾವಿಯ ಮಲ್ಲವ್ವನಿಂದ ಫೋನು: ಗಂಡ ಮೆಟ್ಟಿಲಿನಿಂದ ಬಿದ್ದಿದ್ದಾನೆ, ಆಸ್ಪತ್ರೆಯಲ್ಲಿ ಏನು ಕೇಳುತ್ತಿದ್ದಾರೋ ತಿಳಿಯುತ್ತಿಲ್ಲ. ಸಾಯಬಣ್ಣ ಹೊಸ ಅಂಗಿಯಲ್ಲೇ ಹೊರಟ. ಬರುವಷ್ಟರಲ್ಲಿ ಉಂಗುರ ಬದಲಾಯಿಸಿ ಮುಗಿದಿತ್ತು.

“ಪಪ್ಪಾ, ಆಜ್ ಭೀ?” ಇವತ್ತೂ ಹೋಗಬೇಕಿತ್ತೇ ಎಂಬಂತೆ ಅಷ್ಟೇ ಕೇಳಿ ಶೀತಲ್ ಒಳಗೆ ಹೋದಳು. ಅವನು ಬಾಗಿಲ ಹೊರಗೆ ನಿಂತು, “ತಪ್ಪಾತವ್ವ. ಆದರ ಆ ಮನಶಾ ಉಳದಾನ,” ಎಂದ. ಭಾವೀ ಅಳಿಯ ಶಿವಪುತ್ರನೇ ಎದ್ದು ಅವನನ್ನು ಊಟಕ್ಕೆ ಕೂರಿಸಿದ.

ಹೋದ ವರ್ಷ ಒಂದು ಭಾನುವಾರ ಊಟ ಮಾಡಿ ಒರಗಿದವನು ಏಳಲಿಲ್ಲ. ಇಂದ್ರಾಬಾಯಿ ಚಹಾ ಮಾಡಿ ಎಬ್ಬಿಸಲು ಹೋದಾಗ ಮೈ ತಣ್ಣಗಾಗಿತ್ತು. ಮೂರನೆಯ ದಿನ ಚಾಳಿನ ಓಣಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅವಳು ಎಂದೂ ಕಾಣದ ಮುಖಗಳು. ಮಲ್ಲವ್ವ ಕುಂಟುವ ಗಂಡನ ಕೈಹಿಡಿದು ಬಂದಿದ್ದಳು. ಇಂದ್ರಾಬಾಯಿ ಗೋಡೆಗೆ ಒರಗಿ ಕೂತಿದ್ದಳು.

ಧರ್ಮಣ್ಣ ಎಂಬ ಮುದುಕ ಹತ್ತಿರ ಬಂದು ಕೂತ. ಒಮ್ಮೆ ತಿಂಗಳುಗಟ್ಟಲೆ ಅದೇ ಆಸ್ಪತ್ರೆಯಲ್ಲಿದ್ದವನು.

“ತಂಗೀ, ನಾ ನಿನ್ನ ನೋಡಿದ್ದು ಇವತ್ತೇ. ಆದರ ನೀ ರೊಟ್ಟಿ ಬಡಿಯೋ ಸಪ್ಪಳ ಹ್ಯಾಂಗಿರ್ತದಂತ ನಂಗ ಗೊತ್ತದ.”

ಇಂದ್ರಾಬಾಯಿ ತಲೆಯೆತ್ತಿದಳು.

“ವಾರ್ಡಿನ್ಯಾಗ ಸಾಯಬಣ್ಣ ಮಂಚದ ಪಟ್ಟಿ ಬಡದು ತೋರಸ್ತಿದ್ದ. ‘ನಮ್ಮಾಕಿ ಬಡದ್ರ ಹಿಂಗ್ ಕೇಳ್ತದ, ನಿದ್ದಿ ಹತ್ತಿದವನೂ ಹಸದು ಏಳಬೇಕು’ ಅಂತಿದ್ದ. ನರ್ಸ್‌ಬಾಯಿ ಬೈದ್ರೂ ಬಿಡತಿರಲಿಲ್ಲ.”

ಮನೆಯಲ್ಲಿ ಅವನು ರೊಟ್ಟಿಯ ಬಗ್ಗೆ ಒಂದು ದಿನವೂ ಮಾತಾಡಿದವನಲ್ಲ, ಸುಮ್ಮನೆ ಉಂಡು ಏಳುತ್ತಿದ್ದ. ಇಂದ್ರಾಬಾಯಿಗೆ ತಡೆಯಲಾಗದೆ ನಗು ಬಂತು. ಸೆರಗಿನಿಂದ ಬಾಯಿ ಮುಚ್ಚಿಕೊಂಡರೂ ಭುಜ ಕುಲುಕುತ್ತಿತ್ತು. ಅಳುತ್ತಿದ್ದಾಳೆಂದು ಶೀತಲ್ ಓಡಿಬಂದು ತಬ್ಬಿಕೊಂಡಳು.

“ಇಲ್ಲ, ಕೂಡು,” ಎಂದಳು ಇಂದ್ರಾಬಾಯಿ. “ಅಣ್ಣಾ, ಇನ್ನೇನೇನ್ ಅಂತಿದ್ರು, ಹೇಳ್ರಿ.”