ನರಹರಿ ಅಂಕಲ್ ಅವರ ಭೂತಗನ್ನಡಿ

ನರಹರಿ ಅಂಕಲ್ ಅಂಗಡಿಗೆ ಹೋದರೆ ಸಾಮಾನು ಕೊಳ್ಳುತ್ತಿರಲಿಲ್ಲ, ವಿಚಾರಣೆ ನಡೆಸುತ್ತಿದ್ದರು. ಸಿಡ್ನಿಯ ಪೆಂಡಲ್ ಹಿಲ್ ಸ್ಟೇಷನ್ ಹತ್ತಿರದ ಇಂಡಿಯನ್ ಅಂಗಡಿಯ ಬಿಸ್ಕತ್ತಿನ ಸಾಲಿನಲ್ಲಿ ನಿಂತು, ಅಂಗಿಯ ಜೇಬಿನಿಂದ ಹಿತ್ತಾಳೆ ಕಟ್ಟಿನ ಭೂತಗನ್ನಡಿ ತೆಗೆದು, ಪೊಟ್ಟಣವನ್ನು ಬೋರಲು ಹಾಕಿ, ಬೆನ್ನಿನ ಮೇಲಿನ ಇರುವೆ ಅಕ್ಷರಗಳನ್ನು ತುಟಿಯಾಡಿಸುತ್ತ ಓದುವರು. ಓದಿದ ಮೇಲೆ ಎರಡೇ ತೀರ್ಪು. ತಲೆಯಾಡಿಸಿದರೆ ಬುಟ್ಟಿಗೆ. "ನಾನೂರ ಎಪ್ಪತ್ತೊಂದು!" ಎಂದರೆ ಮತ್ತೆ ಶೆಲ್ಫಿಗೆ. ಅದೂ ಸುಮ್ಮನೆ ಅಲ್ಲ, ಚಿತ್ರವಿರುವ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿ ಇಡುತ್ತಿದ್ದರು, ತಪ್ಪು ಮಾಡಿದವನನ್ನು ಮೇಷ್ಟ್ರು ಮೂಲೆಗೆ ನಿಲ್ಲಿಸಿದ ಹಾಗೆ.

ಈ ದೇಶದಲ್ಲಿ ತಿಂಡಿಗೆ ಬೆರೆಸುವುದನ್ನೆಲ್ಲ ನಂಬರಿನಲ್ಲಿ ಅಚ್ಚು ಹಾಕುತ್ತಾರೆ. ನಾನೂರ ಎಪ್ಪತ್ತೊಂದು ಎಂದರೆ ಪ್ರಾಣಿಯ ಕೊಬ್ಬು ಇರಬಹುದು, ಇರದೆಯೂ ಇರಬಹುದು. ನೂರಿಪ್ಪತ್ತು ಎಂದರೆ ಹುಳು ಅರೆದು ತೆಗೆದ ಕೆಂಪು. ಜೆಲಟಿನ್ ಎಂದರೆ ಮೂಳೆ, ಚರ್ಮ. ನಮ್ಮಂಥ ಸಸ್ಯಾಹಾರಿಗಳು ವಿಮಾನ ಇಳಿದ ಮೊದಲ ವಾರವೇ ಈ ಮಗ್ಗಿ ಕಲಿಯುತ್ತೇವೆ. ನರಹರಿ ಅಂಕಲ್‌ಗೆ ಅದು ಇಪ್ಪತ್ತರ ಮಗ್ಗಿಗಿಂತ ಚೆನ್ನಾಗಿ ಬರುತ್ತಿತ್ತು.

ಅವರು ಮೈಸೂರಿನ ಒಂದು ಅಚ್ಚುಕೂಟದಲ್ಲಿ ಮೂವತ್ತೈದು ವರ್ಷ ಪಂಚಾಂಗದ ಕರಡು ತಿದ್ದಿದವರು. ನಿವೃತ್ತಿಯಾದ ಮೇಲೆ ಹೆಂಡತಿ ಕಮಲಮ್ಮನವರ ಜೊತೆ ಸಿಡ್ನಿಯ ಮಗಳ ಮನೆಗೆ ಬಂದರು. ನಾನು ಅವರನ್ನು ಕಾಣುವ ಹೊತ್ತಿಗೆ ಕಮಲಮ್ಮ ತೀರಿಕೊಂಡು ವರ್ಷವಾಗಿತ್ತು. "ಕರಡು ತಿದ್ದೋನಿಗೆ ನಂಬಿಕೆ ಇರಬಾರದಮ್ಮಾ ಸುಮಾ, ಕಣ್ಣಿರಬೇಕು" ಎನ್ನುತ್ತಿದ್ದರು. ಇದನ್ನು ದೇವರ ಮುಂದೆ ಕೂತೇ ಹೇಳುತ್ತಿದ್ದರು. ನಾವು ಯಾರೂ ಅದರ ಅರ್ಥಕ್ಕೆ ಹೋಗಲಿಲ್ಲ.

ನಮ್ಮ ಶನಿವಾರದ ಭಜನೆ ಪದ್ಮಾ ಆಂಟಿಯ ಮನೆಯಲ್ಲಿ. ಒಬ್ಬೊಬ್ಬರೂ ಒಂದೊಂದು ಅಡುಗೆ ತರಬೇಕು, ಆಮೇಲೆ ಊಟ. ಆದರೆ ಯಾವ ಪಾತ್ರೆಯೂ ನರಹರಿ ಅಂಕಲ್ ಕಣ್ಣು ತಪ್ಪಿಸಿ ಮೇಜಿಗೆ ಹೋಗುವಂತಿರಲಿಲ್ಲ. ನಾನು ಹೊಸದಾಗಿ ಸೇರಿದಾಗ ಚೀಸ್ ಹಾಕಿದ ಸ್ಯಾಂಡ್‌ವಿಚ್ ಒಯ್ದಿದ್ದೆ. "ಚೀಸ್ ಪೊಟ್ಟಣ ಎಲ್ಲಮ್ಮಾ? ಹಾಲು ಹೆಪ್ಪುಗಟ್ಟಿಸಕ್ಕೆ ಕರುವಿನ ಹೊಟ್ಟೆಯಿಂದ ತೆಗೆದಿದ್ದು ಹಾಕಿದಾರೋ ಏನೋ" ಎಂದರು. ಪೊಟ್ಟಣ ಇರಲಿಲ್ಲ. ಸ್ಯಾಂಡ್‌ವಿಚ್ ಹೊರಗೆ ಹೋಯಿತು, ನಾನು ಕಾರಿನಲ್ಲಿ ಕೂತು ಅತ್ತೆ. ಅತ್ತವಳು ಬಿಟ್ಟುಬಿಡಬೇಕಿತ್ತಲ್ಲ? ಇಲ್ಲ, ಅವರ ಕಟ್ಟಾ ಶಿಷ್ಯೆಯಾದೆ. ಪರದೇಶದಲ್ಲಿ ಬಾಡಿಗೆ ಮನೆ, ಅರ್ಧಂಬರ್ಧ ಕೆಲಸ, ಇಲ್ಲೇ ನೆಲೆಸಲು ಬೇಕಾದ ಪಿಆರ್ ಬರುತ್ತದೋ ಇಲ್ಲವೋ ಗೊತ್ತಿಲ್ಲ. ಇದು ಸರಿ, ಇದು ತಪ್ಪು ಎಂದು ಗಟ್ಟಿಯಾಗಿ ಹೇಳುವ ಒಬ್ಬ ಮನುಷ್ಯ ಸಿಕ್ಕಿದ್ದೇ ದೊಡ್ಡದು ಅನ್ನಿಸಿತ್ತು. ಪ್ರತಿ ಶನಿವಾರ ಅವರನ್ನು ಕಾರಿನಲ್ಲಿ ಅಂಗಡಿಗೂ ಭಜನೆಗೂ ಕರೆದೊಯ್ಯುವ ಕೆಲಸ ನನ್ನದಾಯಿತು. ಗುರುವಿಗಿಂತ ಶಿಷ್ಯೆ ಒಂದು ಕೈ ಮೇಲು ಎಂದು ಜನ ಬೆನ್ನ ಹಿಂದೆ ಆಡಿಕೊಳ್ಳುವಷ್ಟು ಬೆಳೆದೆ.

ಹೀಗಿರುವಾಗ ಶ್ವೇತಾ ಬಂದಳು. ಉಡುಪಿ ಕಡೆಯ ಹುಡುಗಿ, ಮದುವೆಯಾಗಿ ಬಂದು ತಿಂಗಳಾಗಿತ್ತು. ಮೊದಲ ಭಜನೆಗೆ ಹೂವಿನ ಚಿತ್ರದ ಗಾಜಿನ ಪಾತ್ರೆಯಲ್ಲಿ ಪುಡ್ಡಿಂಗ್ ತಂದಿದ್ದಳು. ಬೆಳ್ಳಗೆ, ಮೇಲೆ ಕೇಸರಿ. ಮೇಜಿನ ಮೇಲಿಟ್ಟಾಗ ಸಣ್ಣಗೆ ನಡುಗಿತು. ಮನೆಯಲ್ಲಿ ಮಾಡಿದ್ದು, ಲೇಬಲ್ ಎಲ್ಲಿಂದ ಬರಬೇಕು? ನರಹರಿ ಅಂಕಲ್ ಭೂತಗನ್ನಡಿಯನ್ನು ಜೇಬಿಗೆ ಹಾಕಿ, ಮೇಜಿನ ಅಂಚನ್ನು ಬೆರಳಿನಿಂದ ತಟ್ಟಿದರು. ಪುಡ್ಡಿಂಗ್ ಮತ್ತೆ ನಡುಗಿತು.

"ಅಲ್ಲಾಡತ್ತೆ" ಎಂದರು. "ಅಲ್ಲಾಡೋದೆಲ್ಲ ಜೆಲಟಿನ್. ತೆಗೀರಿ."

ಶ್ವೇತಾ ಬಾಯಿ ತೆರೆದಳು. ಅವಳು ಏನು ಹೇಳುತ್ತಾಳೆಂದು ಯಾರು ಕೇಳಿದರು? ಪಾತ್ರೆ ಎತ್ತಿಕೊಂಡು ಹೋಗಿ ಹಿತ್ತಲಿನ ಕಸದ ತೊಟ್ಟಿಗೆ ಸುರಿದವಳು ನಾನು. ಸುರಿದು ಬಂದು ಕೈ ತೊಳೆದುಕೊಂಡೆ, ಎಲ್ಲರಿಗೂ ಕಾಣುವ ಹಾಗೆ. ಮಂಗಳಾರತಿಗೆ ಮುಂಚೆಯೇ ಶ್ವೇತಾ ಹೊರಟುಹೋದಳು. ಅವಳ ಖಾಲಿ ಪಾತ್ರೆ ನನ್ನ ಕಾರಿನಲ್ಲಿ ನಮ್ಮ ಮನೆಗೆ ಬಂದು ಫ್ರಿಜ್ಜಿನ ಮೇಲೆ ಕೂತಿತು. ಅವಳು ಮತ್ತೆ ಭಜನೆಗೆ ಬರಲಿಲ್ಲ, ಪಾತ್ರೆಯನ್ನೂ ಕೇಳಲಿಲ್ಲ.

ಹತ್ತು ತಿಂಗಳ ಮೇಲೆ ಗೆಳತಿಯ ಗೃಹಪ್ರವೇಶಕ್ಕೆಂದು ಮೆಲ್ಬರ್ನಿನ ಕ್ರೇಗಿಬರ್ನ್‌ಗೆ ಹೋಗಿದ್ದೆ. ನರಹರಿ ಅಂಕಲ್ ಮಗನ ಮನೆ ಇರುವುದೂ ಅಲ್ಲೇ. ಮೂರು ತಿಂಗಳಿಗೊಮ್ಮೆ ಅವರು ಅಲ್ಲಿಗೆ ಹೋಗುತ್ತಿದ್ದರು. ಹೂವು ತರಲು ಶಾಪಿಂಗ್ ಸೆಂಟರಿಗೆ ಹೋದವಳಿಗೆ ಹಿಂಬದಿಯ ಪಾರ್ಕಿನ ಬೆಂಚಿನಲ್ಲಿ ಅವರು ಕಂಡರು. ಓಡಿಹೋಗಿ ಮಾತಾಡಿಸೋಣ ಎಂದು ನಾಲ್ಕು ಹೆಜ್ಜೆ ಹಾಕಿದೆ. ಅವರ ತೊಡೆಯ ಮೇಲೆ ಒಂದು ಪೊಟ್ಟಣವಿತ್ತು. ಜೇಬಿನಿಂದ ಭೂತಗನ್ನಡಿ ತೆಗೆದು, ಪೊಟ್ಟಣ ತಿರುಗಿಸಿ, ತುಟಿಯಾಡಿಸುತ್ತ ಪೂರ್ತಿ ಓದಿದರು. ಭೂತಗನ್ನಡಿ ಒಳಗಿಟ್ಟರು. ಆಮೇಲೆ ಪೊಟ್ಟಣದಿಂದ ಗೇಣುದ್ದದ ಕೆಂಪು ಹಾವೊಂದನ್ನು ಎಳೆದು ತಲೆ ಕಚ್ಚಿದರು.

ಹಾವು ಎಂದರೆ ಇಲ್ಲಿನ ಮಕ್ಕಳು ತಿನ್ನುವ ಜೆಲ್ಲಿ ಮಿಠಾಯಿ. ಅಡಿಯಿಂದ ಮುಡಿಯವರೆಗೆ ಜೆಲಟಿನ್. ಅದು ಅಜ್ಞಾನದಿಂದ ಆದದ್ದಲ್ಲ, ಓದಿಯೇ ತಿಂದರು. ಒಂದು ಮುಗಿಸಿ ಹಸಿರು ಹಾವಿಗೆ ಕೈ ಹಾಕಿದರು. ನಾನು ಹೂವೂ ಕೊಳ್ಳದೆ ಓಡಿದೆ.

ಸಿಡ್ನಿಗೆ ಮರಳಿದ ಮೇಲೆ ನನ್ನ ಸ್ಥಿತಿ ಯಾರಿಗೂ ಬೇಡ. ಭಜನೆಯಲ್ಲಿ ಎಲ್ಲರೂ ಕಣ್ಣು ಮುಚ್ಚಿದರೆ ನಾನು ತೆರೆದು ಒಬ್ಬೊಬ್ಬರನ್ನೇ ನೋಡುವುದು. ಪದ್ಮಾ ಆಂಟಿ ಇಷ್ಟು ಭಕ್ತಿಯಿಂದ ಹಾಡುತ್ತಾರಲ್ಲ, ಇವರ ಫ್ರೀಜರಿನಲ್ಲಿ ಏನಿದೆ? ತಾಳ ಹಾಕುವ ಆ ಮನುಷ್ಯ ಶುಕ್ರವಾರ ಸಂಜೆ ಆಫೀಸಿನವರ ಜೊತೆ ಎಲ್ಲಿಗೆ ಹೋಗುತ್ತಾನೆ? ದೇವರ ಪಟ ನೋಡಿದರೂ ಸಿಟ್ಟು, "ನಿನಗೆ ಮೊದಲೇ ಗೊತ್ತಿತ್ತು, ಅಲ್ಲವಾ?" ಎಂದು. ಮನೆಯಲ್ಲಿ ದೀಪ ಹಚ್ಚುವುದನ್ನು ಬಿಟ್ಟೆ. ಕೊನೆಗೆ ಭಜನೆಗೂ ಹೋಗದೆ, ಅಂಕಲ್ ಫೋನ್ ಮಾಡಿದರೆ ಜ್ವರ ಎಂದೆ. ಮೂರು ಶನಿವಾರ ಜ್ವರವೇ.

ನಾನು ಇಲ್ಲಿನ ಒಂದು ಹೈಸ್ಕೂಲಿನಲ್ಲಿ ರಜೆ ಹಾಕಿದ ಮೇಷ್ಟ್ರ ಬದಲಿಗೆ ಇಂಗ್ಲಿಷ್ ಪಾಠ ಮಾಡುತ್ತೇನೆ. ಆ ವಾರ ಪಾಠಕ್ಕಿದ್ದುದು, ಕೇಳಿದರೆ ನಗುತ್ತೀರಿ, ಹಿಂದೆ ಹಡಗು ಹತ್ತಿ ಅಮೆರಿಕಕ್ಕೆ ಹೋಗಿ ನೆಲೆಸಿದ ಕಟ್ಟಾ ಮಡಿವಂತ ಕ್ರೈಸ್ತರ ಸಣ್ಣಕತೆಗಳು. ಒಂದು ಕತೆಯಲ್ಲಿ ಊರಿಗೆಲ್ಲ ಪಾಪ ತೋರಿಸುವ ಹಿರಿಯ, ಅವನ ಮಡಿಲಲ್ಲೇ ಒಂದು ಪಾಪ. ಅದನ್ನು ಕಂಡ ಬಡಪಾಯಿ ಮುಂದೆ ಜೀವಮಾನವಿಡೀ ಯಾರನ್ನೂ ನಂಬದೆ ಮುಖ ಗಂಟಿಕ್ಕಿಕೊಂಡೇ ಸಾಯುತ್ತಾನೆ. ನಾನು ಇದನ್ನು ಎಷ್ಟು ಆವೇಶದಿಂದ ವಿವರಿಸಿದೆನೆಂದರೆ ಹಿಂದಿನ ಬೆಂಚಿನವರೂ ಫೋನ್ ಕೆಳಗಿಟ್ಟರು. ಒಬ್ಬಳು ಕೈ ಎತ್ತಿದಳು. "ಮಿಸ್, ಇವನು ಹೋಗಿ ಆ ಮುದುಕನನ್ನೇ ಕೇಳಬಹುದಿತ್ತಲ್ಲ?" ಎಂದಳು. ಸಾಹಿತ್ಯದ ದೃಷ್ಟಿಯಿಂದ ಅದು ದಡ್ಡ ಪ್ರಶ್ನೆ. ನನಗೆ ಕಪಾಳಕ್ಕೆ ಬಿಟ್ಟ ಹಾಗಾಯಿತು.

ಶನಿವಾರ ಬೆಳಿಗ್ಗೆ ಅಂಕಲ್‌ರನ್ನು ಕಾರಿಗೆ ಹತ್ತಿಸಿಕೊಂಡು ಸ್ವಲ್ಪ ದೂರ ಹೋಗಿ ನಿಲ್ಲಿಸಿ ಕೇಳಿಯೇಬಿಟ್ಟೆ. "ಅಂಕಲ್, ಕ್ರೇಗಿಬರ್ನ್ ಪಾರ್ಕಲ್ಲಿ ನಿಮ್ಮನ್ನ ನೋಡ್ದೆ. ಹಾವು ತಿಂತಿದ್ರಿ."

ಅವರು ಸೀಟ್‌ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಸುಳ್ಳು ಹೇಳುತ್ತಾರೆಂದುಕೊಂಡೆ, ಹೇಳಲಿಲ್ಲ.

"ಕಮಲಾ ಇಲ್ಲೇ ಲಿವರ್‌ಪೂಲ್ ಆಸ್ಪತ್ರೇಲಿ ಎಚ್ಚರ ತಪ್ಪಿ ಮಲಗಿದ್ಲಮ್ಮಾ ಒಂದ್ಸಲ, ಆಗ ಹರಕೆ ಹೊತ್ತೆ. ಅವಳು ಕಣ್ಣು ಬಿಡೋ ತನಕ ಹನಿ ನೀರೂ ಬೇಡ ಅಂತ. ಎರಡು ದಿನ ಆಯ್ತು, ಅವಳು ಕಣ್ಣು ಬಿಡ್ಲಿಲ್ಲ. ಮೂರನೇ ದಿನ ನಾನೇ ವರಾಂಡದಲ್ಲಿ ಬಿದ್ದೆ. ನರ್ಸಮ್ಮ ಓಡಿ ಬಂದು ಬಾಯಿಗೆ ಏನೋ ಸಿಹಿ ಇಟ್ಲು. ಕೆಂಪು ಹಾವು. ಎಷ್ಟು ರುಚಿಯಾಗಿತ್ತು ಅಂತೀಯಾ, ನಾನೇ ಕೇಳಿ ಇನ್ನೂ ನಾಲ್ಕು ತಿಂದೆ. ಅರ್ಧ ಗಂಟೆ ಆಗಿಲ್ಲ, ಒಳಗಿಂದ ಕಮಲಾ ಕೂಗಿದ್ಲು, 'ಕಾಫಿ ಇದೆಯೇನ್ರೀ?' ಅಂತ."

ನನಗೆ ನಗು ಬಂತು. ಅವರೂ ನಕ್ಕರು, ಆಮೇಲೆ ನಿಲ್ಲಿಸಿದರು.

"ಮಾರನೇ ದಿನ ಪೊಟ್ಟಣ ಇಸ್ಕೊಂಡು ಓದಿದೆ. ಭೂಮಿ ಬಾಯಿ ಬಿಟ್ಟ ಹಾಗಾಯ್ತು. ಪ್ರಾಯಶ್ಚಿತ್ತ ಅಂತ ನಿಯಮ ಬಿಗಿ ಮಾಡ್ದೆ. ಎರಡು ವರ್ಷ ಒಂದು ನಂಬರ್ ಕಣ್ತಪ್ಪಲಿಲ್ಲ. ಆ ಎರಡು ವರ್ಷದ ಕೊನೇಲೇ ಹೋಗಿಬಿಟ್ಲು. ಉಪವಾಸ ಇದ್ದಾಗ ಏಳಲಿಲ್ಲ, ಪಾಪ ತಿಂದಾಗ ಎದ್ಲು, ಮಡಿ ಮಾಡಿದಾಗ ಸತ್ಲು. ಯಾವ ಕರಡು ಅಂತ ತಿದ್ದಲಿ ನಾನು? ಈಗ ತಿಂದ್ರೂ ಮೇಲಿರೋನು ಒಂದು ಮಾತು ಅನ್ನಲ್ಲ. ಬೈದಿದ್ರೆ ಇದಾನೆ ಅಂತಾದ್ರೂ ಗೊತ್ತಾಗ್ತಿತ್ತು."

"ಹಾಗಾದ್ರೆ ನಮಗ್ಯಾಕೆ ಬೇಡ ಅಂತಿದ್ರಿ?"

"ನಿಮ್ಮ ಪೊಟ್ಟಣ ನೋಡೋವಾಗ ನಂದು ಮರೆತು ಹೋಗ್ತಿತ್ತು" ಎಂದರು. "ಹಾವು ತಿನ್ನೋವಾಗ ಅವಳು ಕಾಫಿ ಕೇಳಿದ್ದು ಕಿವೀಲಿ ಕೇಳತ್ತೆ ಕಣಮ್ಮಾ. ಬಿಡಕ್ಕಾಗಲ್ಲ. ಭಜನೇಲಿ ಹೇಳ್ತೀಯಾ?"

ಹೇಳಬೇಕೆಂದೇ ಹೊರಟಿದ್ದೆ. ಆದರೆ ಆ ಹೊತ್ತಿಗೆ ನನಗೆ ನೆನಪಾದದ್ದು ಫ್ರಿಜ್ಜಿನ ಮೇಲಿನ ಗಾಜಿನ ಪಾತ್ರೆ. ಹೆಂಡತಿ ನೆನಪಿಗೆ ಅವರು ಏನನ್ನೇ ತಿನ್ನಲಿ. ಆ ಹುಡುಗಿಗೆ ಎಲ್ಲರ ಮುಂದೆ ಅವಮಾನ ಮಾಡಿದ್ದು ನಾವಿಬ್ಬರೂ ಸೇರಿ. "ಶ್ವೇತಾ ಮನೆಗೆ ಹೋಗೋಣ ಬನ್ನಿ, ಪಾತ್ರೆ ವಾಪಸ್ ಕೊಡ್ಬೇಕು" ಎಂದೆ.

"ಖಾಲಿ ಪಾತ್ರೆ ಹೇಗಮ್ಮಾ ಕೊಡೋದು?" ಎಂದರು. ನಿಜ, ನಮ್ಮಲ್ಲಿ ಯಾರ ಪಾತ್ರೆಯನ್ನೂ ಬರಿದಾಗಿ ಹಿಂದಿರುಗಿಸುವುದಿಲ್ಲ, ಏನೂ ಇಲ್ಲದಿದ್ದರೆ ಒಂದು ಹಿಡಿ ಸಕ್ಕರೆಯಾದರೂ ಹಾಕುತ್ತೇವೆ. ಮನೆಯಿಂದ ಪಾತ್ರೆ ತಂದೆ. ಅಂಕಲ್ ಒಂದು ಅಂಗಡಿಯ ಮುಂದೆ ಕಾರು ನಿಲ್ಲಿಸಲು ಹೇಳಿ ಒಬ್ಬರೇ ಒಳಗೆ ಹೋದರು. ವಾಪಸು ಬಂದು ಪಾತ್ರೆಗೆ ಮುಚ್ಚಳ ಹಾಕಿ ತೊಡೆಯ ಮೇಲೆ ಇಟ್ಟುಕೊಂಡರು.

ಶ್ವೇತಾ ಬಾಗಿಲು ತೆಗೆದು ನಮ್ಮನ್ನು ನೋಡಿ ಮುಚ್ಚಲೂ ಇಲ್ಲ, ಒಳಗೆ ಕರೆಯಲೂ ಇಲ್ಲ. ಅಂಕಲ್ ಪಾತ್ರೆ ಮುಂದೆ ಚಾಚಿದರು. "ತಪ್ಪಾಯ್ತಮ್ಮಾ. ನಿನ್ನ ಪುಡ್ಡಿಂಗ್ ಚೆಲ್ಲಿಸಿದ ನಾನು ಇದನ್ನ ತಿನ್ನೋನು. ನೀನೇ ನೋಡು" ಎಂದು ಮುಚ್ಚಳ ತೆಗೆದರು. ಪಾತ್ರೆಯ ತುಂಬ ಕೆಂಪು, ಹಸಿರು, ಹಳದಿ ಹಾವುಗಳು. ಎಪ್ಪತ್ತರ ಮುದುಕ ಮರ್ಯಾದೆಯನ್ನೆಲ್ಲ ಆ ಪಾತ್ರೆಯಲ್ಲಿ ತುಂಬಿ ಹಿಡಿದಿದ್ದರು. ಹಾವುಗಳು ಅಲ್ಲಾಡುತ್ತಿದ್ದವು.

ಶ್ವೇತಾ ಬಗ್ಗಿ ನೋಡಿ ಎರಡು ಹೆಜ್ಜೆ ಹಿಂದೆ ಹಾರಿದಳು. "ಅಯ್ಯೋ ದೇವ್ರೇ! ಎಂತ ಅಂಕಲ್ ಇದು? ನಾವಿದೆಲ್ಲ ತಿನ್ನುದಿಲ್ಲ. ಇದ್ರಲ್ಲಿ ಜೆಲಟಿನ್ ಉಂಟಲ್ಲಾ!"

"ಮತ್ತೆ ಅವತ್ತು ನೀನು ತಂದಿದ್ದು?" ಎಂದೆ.

"ಅದು ಚೈನಾ ಗ್ರಾಸ್ ಮಾರಾಯ್ರೆ! ಕಡಲ ಪಾಚಿದ್ದು. ಅಮ್ಮ ಊರಿಂದ ಕೊಟ್ಟು ಕಳ್ಸಿದ್ದು. ಏರ್‌ಪೋರ್ಟಿನ ನಾಯಿ ಸಹ ಮೂಸಿ ಪಾಸ್ ಮಾಡಿತ್ತು, ನೀವು ಮಾಡ್ಲಿಲ್ಲ."

"ಹೇಳಬಾರದಿತ್ತೇನಮ್ಮಾ?" ಎಂದರು ಅಂಕಲ್, ಕ್ಷೀಣವಾಗಿ.

"ಹೇಳ್ಲಿಕ್ಕೆ ಬಿಟ್ರಾ ನೀವು? ನಾನು ಬಾಯಿ ತೆಗಿಯುವಷ್ಟರಲ್ಲಿ ಈ ಅಕ್ಕ ತೊಟ್ಟಿಗೆ ಹಾಕಿ ಆಗಿತ್ತು."

ನರಹರಿ ಅಂಕಲ್ ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟರು. ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯಲಿಲ್ಲ, ಎರಡೂ ಇತ್ತು. "ಮೂವತ್ತೈದು ವರ್ಷ ಕರಡು ತಿದ್ದಿದೋನು, ಓದದೇನೇ ತೀರ್ಪು ಕೊಟ್ಟೆನಲ್ಲೇ" ಎಂದರು. ಶ್ವೇತಾ ಹಾವಿನ ಪಾತ್ರೆಯನ್ನು ಬೆರಳ ತುದಿಯಲ್ಲಿ ಹಿಡಿದು ಕೆಳಗಿಟ್ಟು, ಒಳಗೆ ಹೋಗಿ ಮೂರು ಲೋಟ ಕಾಫಿ ತಂದಳು. ಕಾಫಿ ಕಂಡು ಅವರು ಮತ್ತೆ ಅತ್ತರು. ಯಾಕೆಂದು ಶ್ವೇತಾಗೆ ಗೊತ್ತಾಗಲಿಲ್ಲ, ನಾನು ಆಮೇಲೆ ಹೇಳಿದೆ.

ಅಂದಿನಿಂದ ಭಜನೆಯಲ್ಲಿ ಯಾರಾದರೂ ಅಂಕಲ್ ಮುಂದೆ ಪಾತ್ರೆ ಹಿಡಿದರೆ "ನನಗೆ ಕಣ್ಣು ಸರಿಯಾಗಿ ಕಾಣಲ್ಲ, ಬಡಿಸಿ" ಎನ್ನುತ್ತಿದ್ದರು. ವಯಸ್ಸಾಯಿತು ಪಾಪ ಎಂದರು ಜನ. ಹೋದ ಚಳಿಗಾಲ ಮಗನ ಮನೆಗೆಂದು ಕ್ರೇಗಿಬರ್ನ್‌ಗೆ ಹೊರಟಾಗ ನಾನೇ ಏರ್‌ಪೋರ್ಟಿಗೆ ಬಿಟ್ಟೆ. ಇಳಿಯುವಾಗ ಭೂತಗನ್ನಡಿಯನ್ನು ನನ್ನ ಕೈಗೆ ಕೊಟ್ಟು, "ಓದೋದಕ್ಕೆ ಇಟ್ಕೋ. ತೀರ್ಪಿಗಲ್ಲ" ಎಂದರು. ಮಗನ ಮನೆಯಲ್ಲೇ ಒಂದು ರಾತ್ರಿ ನಿದ್ದೆಯಲ್ಲೇ ತೀರಿಕೊಂಡರಂತೆ.

ಪದ್ಮಾ ಆಂಟಿಯ ಮನೆಯಲ್ಲಿ ಅವರ ನೆನಪಿಗೆ ವಿಶೇಷ ಭಜನೆ ಇಟ್ಟರು. "ಜೀವಮಾನದಲ್ಲಿ ಒಂದು ಕಣ ಜೆಲಟಿನ್ ಮುಟ್ಟದ ಪುಣ್ಯಾತ್ಮರು" ಎಂದು ಆಂಟಿ ಕಣ್ಣೊರೆಸಿಕೊಂಡರು. ಈಗ ಮತ್ತೆ ಭಜನೆಗೆ ಬರುತ್ತಿದ್ದ ಶ್ವೇತಾ ನನ್ನ ತೊಡೆ ಚಿವುಟಿದಳು. ಇಬ್ಬರೂ ಸೆರಗು ಬಾಯಿಗೆ ತುರುಕಿಕೊಂಡೆವು. ಎಷ್ಟು ದುಃಖ ಇವರಿಗೆ ಎಂದುಕೊಂಡರು ಎಲ್ಲರೂ. ದುಃಖವೂ ಇತ್ತು. ಊಟದ ಮೇಜಿನ ಮೇಲೆ ಶ್ವೇತಾಳ ಪುಡ್ಡಿಂಗ್ ನಡುಗುತ್ತಿತ್ತು. "ಸುಮಾ, ಇದು ಅಲ್ಲಾಡತ್ತಲ್ಲ, ನೋಡಮ್ಮಾ" ಎಂದರು ಪದ್ಮಾ ಆಂಟಿ. ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಶ್ವೇತಾಳನ್ನು ಕೇಳಿದೆ, ಅವಳು ಹೇಳಿದಳು. ಅಷ್ಟೇ. ಹತ್ತು ನಿಮಿಷದಲ್ಲಿ ಪಾತ್ರೆ ಖಾಲಿ.

ಆ ಪಾತ್ರೆ ಮತ್ತೆ ನಮ್ಮ ಮನೆಗೆ ಬಂದಿದೆ. ಅದಕ್ಕೆ ಏನು ತುಂಬಿಸಿ ಕೊಡಲಿ ಎಂದು ಮೊನ್ನೆ ಪೆಂಡಲ್ ಹಿಲ್ ಅಂಗಡಿಯಲ್ಲಿ ಹುಡುಕುತ್ತಿದ್ದೆ. ಅವರಿಲ್ಲದೆ ಆ ಅಂಗಡಿಗೆ ಹೋಗಿದ್ದು ಅದೇ ಮೊದಲು. ಬಿಸ್ಕತ್ತಿನ ಸಾಲಿನ ಕೆಳಗಿನ ಶೆಲ್ಫಿನಲ್ಲಿ, ಎಲ್ಲಕ್ಕಿಂತ ಹಿಂದೆ, ಧೂಳು ಹಿಡಿದ ಒಂದು ಪೊಟ್ಟಣ ಗೋಡೆಗೆ ಮುಖ ಮಾಡಿಕೊಂಡು ನಿಂತಿತ್ತು. ನೆಲಕ್ಕೆ ಕೂತು, ಕೈ ಹಾಕಿ, ಅದನ್ನು ಈ ಕಡೆಗೆ ತಿರುಗಿಸಿ ಇಟ್ಟು ಬಂದೆ.